1.20 ಅಂದರೆ ಎಷ್ಟು? ಮನ್ರೋ ಸಾಹೇಬನ ಸರಪಳಿಯಿಂದ ಎಐ ಏಜೆಂಟಿನವರೆಗೆ

ಮೊನ್ನೆ ಒಂಬತ್ತನೆಯ ತರಗತಿಯಲ್ಲಿ ಕ್ಷೇತ್ರಫಲದ ಪಾಠ ನಡೆದಿತ್ತು. ಪುಸ್ತಕದಲ್ಲಿರುವ ಆಯತ, ತ್ರಿಭುಜಗಳು ಮುಗಿದ ಮೇಲೆ "ನಿಮ್ಮ ಮನೆಯ ಹೊಲ ಎಷ್ಟು ಅಂತ ಬರಕೊಂಡು ಬನ್ನಿ" ಎಂದು ಹೇಳಿದ್ದೆ. ಮರುದಿನ ಒಬ್ಬ ಹುಡುಗ ಎದ್ದು ನಿಂತ.

"ಸಾರ್, ಈ ಕಡೆ ನಮ್ಮ ತಾತಂದು 1.20 ಐತಿ. ಹೊಳಿ ಆಚೆ ರಾಯಚೂರು ಜಿಲ್ಲೆಯಾಗ ನಮ್ಮವ್ವನ ತವರಿನಿಂದ ಬಂದಿದ್ದು 1.20 ಐತಿ. ಎರಡೂ ಕಾಗದ ಫೋನಿನಾಗ ಫೋಟೋ ಹೊಡೆದು ಎಐಗೆ ಕೇಳಿದೆ. ಒಟ್ಟು 2.40 ಎಕರೆ ಅಂತು."

ಕೂಡಿಸಿದ್ದೇನೋ ಸರಿ. ಉತ್ತರ ಮಾತ್ರ ತಪ್ಪು! ಗಡಿಯಲ್ಲಿ ಬಾಳುವೆ ಮಾಡುವ ನಮಗೆ ಇದು ಗೊತ್ತಿರುವ ಸಂಗತಿ. ಆಂಧ್ರದ ಅಡಂಗಲ್‌ನಲ್ಲಿ 1.20 ಅಂದರೆ ಒಂದು ಎಕರೆ ಇಪ್ಪತ್ತು ಸೆಂಟು. ನೂರು ಸೆಂಟಿಗೆ ಒಂದು ಎಕರೆ. ರಾಯಚೂರಿನ ಪಹಣಿಯಲ್ಲಿ 1.20 ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಒಂದೂವರೆ ಎಕರೆ. ಎರಡೂ ಕೂಡಿದರೆ 2.70 ಎಕರೆ, ಗುಂಟೆಯಲ್ಲಿ ಹೇಳುವುದಾದರೆ ಎರಡು ಎಕರೆ ಇಪ್ಪತ್ತೆಂಟು ಗುಂಟೆ. ಯಂತ್ರದ ಲೆಕ್ಕದಲ್ಲಿ ಆ ಮನೆಯವರ ಮೂವತ್ತು ಸೆಂಟು ಹೊಲ ಮಾಯವಾಗಿತ್ತು. ಅದನ್ನೇ ಆಚೆ ದಡದವರು ಗುಂಟೆ ಎಂದು ಓದಿಕೊಂಡರೆ 2.40 ಅಂದರೆ ಎರಡು ಎಕರೆ ನಲವತ್ತು ಗುಂಟೆ, ಅಂದರೆ ಮೂರು ಎಕರೆ! ಒಂದು ಚುಕ್ಕೆಯಲ್ಲಿ ಎಷ್ಟು ಜಗಳ ಅಡಗಿದೆ ನೋಡಿ.

ಇದನ್ನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಫೋನಿನಲ್ಲಿ ಹೇಳಿದೆ. ಅವನು ನಕ್ಕು, "ಸಾರ್, ನನ್ನ ಕೆಲಸಾನೇ ಇದು. ಎಐ ಏಜೆಂಟುಗಳಿಗೆ ಸಲಕರಣೆಯ ವಿವರ ಬರೆಯೋದು" ಅಂದ. ಹಾಗಂದರೇನು ಎಂದು ಬಿಡಿಸಿ ಕೇಳಿದೆ. ಅವನು ಹೇಳುತ್ತಾ ಹೋದಂತೆ ನನ್ನ ತಲೆಗೆ ಬಂದದ್ದು ಇನ್ನೂರು ವರ್ಷಗಳ ಹಿಂದೆ ನಮ್ಮ ಆದೋನಿ, ಆಲೂರು ಕಡೆಯ ಹೊಲಗಳಲ್ಲಿ ಸರಪಳಿ ಎಳೆದುಕೊಂಡು ತಿರುಗಿದ ಗುಮಾಸ್ತರು. ಈ ಲೇಖನ ಆ ಎರಡರ ಬಗ್ಗೆ.

ಮೊದಲು ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. ಈಗ ನಾವೆಲ್ಲ ಮಾತಾಡಿಸುವ ಎಐ ಮೂಲದಲ್ಲಿ ಮಾತು ಬರೆಯುವ ಯಂತ್ರ. ತಾನಾಗಿಯೇ ಅದು ದಾಖಲೆ ತೆರೆದು ನೋಡಲಾರದು, ಅರ್ಜಿ ಹಾಕಲಾರದು. ಅದಕ್ಕೆ ಕೆಲಸ ಮಾಡಿಸಬೇಕಾದರೆ ಬೇರೆ ಪ್ರೋಗ್ರಾಮುಗಳನ್ನು ಸಲಕರಣೆಗಳಂತೆ ಅದರ ಕೈಗೆ ಕೊಡಬೇಕು. ಹಾಗೆ ಸಲಕರಣೆ ಹಿಡಿದು ಕೆಲಸ ಮಾಡುವ ಎಐಗೆ ಏಜೆಂಟ್ ಎನ್ನುತ್ತಾರೆ. 2022ರ ಅಕ್ಟೋಬರಿನಲ್ಲಿ ರಿಯಾಕ್ಟ್ ಎಂಬ ಪ್ರಬಂಧ, 2023ರ ಫೆಬ್ರವರಿಯಲ್ಲಿ ಮೆಟಾ ಕಂಪನಿಯವರ ಟೂಲ್‌ಫಾರ್ಮರ್ ಈ ದಾರಿ ತೋರಿಸಿದವು. 2023ರ ಜೂನಿನಲ್ಲಿ ಓಪನ್‌ಎಐ ತನ್ನ ಮಾದರಿಗಳಿಗೆ ಈ ಸೌಲಭ್ಯ ಕೊಟ್ಟಿತು. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಕಂಪನಿ ಸಲಕರಣೆಗಳನ್ನು ಜೋಡಿಸಲು ಎಲ್ಲರಿಗೂ ಒಂದೇ ಪದ್ಧತಿ ಇರಲಿ ಎಂದು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಹೊರತಂದಿತು.

ಇದರಲ್ಲಿ ನನಗೆ ಆಶ್ಚರ್ಯ ಎನಿಸಿದ್ದು ಒಂದೇ. ಸಾಮಾನ್ಯವಾಗಿ ಸಲಕರಣೆಯ ಒಳಗೆ ಏನಿದೆ ಎಂದು ಏಜೆಂಟಿಗೆ ಕಾಣಿಸುವುದಿಲ್ಲ. ಅದಕ್ಕೆ ಸಿಗುವುದು ಸಲಕರಣೆಯ ಹೆಸರು, ನಾಲ್ಕೈದು ಸಾಲಿನ ವಿವರ, ಮತ್ತು ಏನೇನು ತುಂಬಿ ಕಳಿಸಬೇಕು ಎಂಬ ಪಟ್ಟಿ. ಇಷ್ಟನ್ನೇ ಓದಿ ಈ ಸಲಕರಣೆ ಬೇಕೋ ಬೇಡವೋ, ಬೇಕಾದರೆ ಅದಕ್ಕೆ ಏನು ಕೊಡಬೇಕು, ಬಂದ ಉತ್ತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಅದು ತೀರ್ಮಾನಿಸುತ್ತದೆ. "ಬರೆದವರು ಪಕ್ಕದಲ್ಲಿ ಕೂತಿರಲ್ಲ ಸಾರ್, ಎದ್ದು ಬಂದು ಕೇಳೋದಕ್ಕೆ" ಎಂದ ನನ್ನ ಶಿಷ್ಯ.

ಬರೆದವನು ಪಕ್ಕದಲ್ಲಿಲ್ಲ. ಓದುವವನು ಎಲ್ಲೋ ದೂರದ ಹೊಲದಲ್ಲಿ ನಿಂತಿದ್ದಾನೆ. ಮನ್ರೋನ ಗುಮಾಸ್ತರ ಸ್ಥಿತಿಯೂ ಇದೇ ಆಗಿತ್ತು.

ಥಾಮಸ್ ಮನ್ರೋ ಎಂದ ಕೂಡಲೇ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಮಂತ್ರಾಲಯದ ರಾಯರ ಬೃಂದಾವನದ ಕಥೆ. ಅದು ಗೊತ್ತಿಲ್ಲದವರು ಯಾರಿದ್ದಾರೆ, ಇಲ್ಲಿ ಬೇಡ ಬಿಡಿ. 1800ರ ಅಕ್ಟೋಬರಿನಲ್ಲಿ ನಿಜಾಮನು ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ತೆಲುಗಿನಲ್ಲಿ ದತ್ತ ಮಂಡಲ ಎನ್ನುವುದು ಇದಕ್ಕೇ. ಬಳ್ಳಾರಿ, ಅನಂತಪುರ, ಕಡಪ, ನಮ್ಮ ಆದೋನಿ ಎಲ್ಲ ಅದರಲ್ಲಿ ಬಂದವು. (ಕರ್ನೂಲು ಪಟ್ಟಣ ಮಾತ್ರ ಆಗ ನವಾಬನ ಕೈಯಲ್ಲಿತ್ತು, 1839ರವರೆಗೂ.) ಮನ್ರೋ ಅಲ್ಲಿಗೆ ಪ್ರಧಾನ ಕಲೆಕ್ಟರ್ ಆಗಿ ಬಂದ, 1807ರವರೆಗೆ ಇದ್ದ.

ಬಂದವನಿಗೆ ಎದುರಾದ ಮೊದಲ ಕಷ್ಟ ಏನೆಂದರೆ ಯಾರ ಹೊಲ ಎಷ್ಟು ಎಂಬುದು ಯಾರಿಗೂ ಒಂದೇ ಅಳತೆಯಲ್ಲಿ ಗೊತ್ತಿರಲಿಲ್ಲ. ಊರಿಗೊಂದು ಲೆಕ್ಕ. ಬೀಜದ ಅಳತೆಯ ಮೇಲೆ ಹೊಲ ಹೇಳುವುದು, ಬಿತ್ತುವ ದಿನದ ಮೇಲೆ ಹೇಳುವುದು. ಈಗಲೂ ನಮ್ಮ ಹಿರಿಯರ ಬಾಯಲ್ಲಿ "ಎರಡು ಕೂರಿಗಿ ಹೊಲ" ಎಂಬ ಮಾತಿದೆಯಲ್ಲ, ಅದು ಆ ಕಾಲದ್ದೇ. ಕೂರಿಗೆ ಅಂದರೆ ಬಿತ್ತುವ ಸಲಕರಣೆ. ಒಂದು ದಿನದಲ್ಲಿ ಒಂದು ಕೂರಿಗೆಯಿಂದ ಎಷ್ಟು ಬಿತ್ತಬಹುದೋ ಅಷ್ಟು ಹೊಲ ಒಂದು ಕೂರಿಗೆ. ಆದರೆ ಎರೆ ಹೊಲವೋ ಮಸಾರಿಯೋ, ಕೂರಿಗೆಗೆ ಎಷ್ಟು ತಾಳು, ಎತ್ತು ಎಂಥವು, ಇವುಗಳ ಮೇಲೆ ಅದು ಬದಲಾಗುತ್ತದೆ. ಊರೊಳಗೆ ಇದರಿಂದ ತೊಂದರೆಯೇ ಇರಲಿಲ್ಲ, ಎಲ್ಲರಿಗೂ ಎಲ್ಲರ ಎತ್ತು ಗೊತ್ತು. ಹೊರಗಿನವನು ಬಂದು ಕಾಗದದ ಮೇಲೆ ಬರೆದುಕೊಂಡಾಗ ತೊಂದರೆ ಶುರು.

ಮನ್ರೋ 1802ರಲ್ಲಿ ಅಳತೆ ಶುರು ಮಾಡಿಸಿದ. ಮೊದಲಿಗೆ ನಾಲ್ಕೇ ಗುಮಾಸ್ತರು. ಕೆಲಸ ಕಲಿಯುತ್ತಾ ಕಲಿಸುತ್ತಾ ಅವರ ಸಂಖ್ಯೆ ನೂರು ಮುಟ್ಟಿತು. ಹತ್ತು ಹತ್ತು ಜನರ ತಂಡ ಮಾಡಿ, ತಂಡಕ್ಕೊಬ್ಬ ಮುಖ್ಯಸ್ಥ. ನೂರು ಜನ ಬೇರೆ ಬೇರೆ ಊರುಗಳಲ್ಲಿ ಏಕಕಾಲಕ್ಕೆ ಅಳೆಯುವಾಗ ಕಲೆಕ್ಟರ್ ಸಾಹೇಬ ಎಲ್ಲರ ಹಿಂದೆಯೂ ಓಡಾಡಲಾರ. ಅದಕ್ಕೆ ಅಳೆಯುವವರಿಗೆ ಒಂದು, ಕಂದಾಯ ಕಟ್ಟುವವರಿಗೆ ಇನ್ನೊಂದು ಹೀಗೆ ಬರಹದಲ್ಲಿ ಸೂಚನೆ ಕೊಟ್ಟ. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ ಐದನೆಯ ವರದಿಯ ಅನುಬಂಧದಲ್ಲಿ ಅವು ಅಚ್ಚಾಗಿವೆ.

ಆ ಪದ್ಧತಿಯನ್ನು ಈಗ ಮತ್ತೆ ಓದಿದರೆ, ನನ್ನ ಶಿಷ್ಯ ಹೇಳಿದ್ದೆಲ್ಲ ಅದರಲ್ಲಿ ಇದೆ. ಮೊದಲನೆಯದಾಗಿ ಸಲಕರಣೆ ಒಂದೇ: ಮೂವತ್ಮೂರು ಅಡಿಯ ಸರಪಳಿ. ಅದರ ಚದರ ನಲವತ್ತು ಆದರೆ ಒಂದು ಎಕರೆ. ಮಕ್ಕಳೇ, ಬೇಕಾದರೆ ಗುಣಿಸಿ ನೋಡಿ: 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ, ಅದರ ನಲವತ್ತರಷ್ಟು 43,560. ಇವತ್ತಿಗೂ ಎಕರೆ ಅಂದರೆ ಅಷ್ಟೇ. ಎರಡನೆಯದಾಗಿ, ಸರಪಳಿಯನ್ನು ಎಲ್ಲಿ ಹಿಡಿಯಬಾರದು ಎಂಬುದೂ ಗೊತ್ತುಮಾಡಿತ್ತು. ಎಲ್ಲ ಬಗೆಯ ಭೂಮಿಯನ್ನೂ ಅಳೆಯಬೇಕು, ಗುಡ್ಡ ಬಂಡೆಗಳನ್ನು ಬಿಟ್ಟು. ಆದೋನಿಯ ಕೋಟೆಗುಡ್ಡ ನೋಡಿದವರಿಗೆ ಈ ಮಾತಿನ ಬೆಲೆ ತಿಳಿಯುತ್ತದೆ. ಈ ಒಂದು ಸಾಲು ಇಲ್ಲದಿದ್ದರೆ ಪಾಪ ಯಾವನೋ ಗುಮಾಸ್ತ ಬಂಡೆಯ ಮೇಲೆ ಸರಪಳಿ ಹಾಸಿಕೊಂಡು ಬಿಸಿಲಲ್ಲಿ ಕೂತಿರುತ್ತಿದ್ದ.

ಇನ್ನೊಂದು, ಎಷ್ಟು ತಪ್ಪು ಆಗಬಹುದು ಎಂಬುದನ್ನೂ ಹೇಳಿತ್ತು. ಗುಮಾಸ್ತರಿಗೆ ಕೂಲಿ ಎಕರೆ ಲೆಕ್ಕದಲ್ಲಿ. ಹೆಚ್ಚು ಅಳೆದರೆ ಹೆಚ್ಚು ದುಡ್ಡು. ಹಾಗಿದ್ದಾಗ ಅವಸರ ಮಾಡುತ್ತಾರೆ ಎಂದು ಮನ್ರೋಗೆ ಗೊತ್ತಿತ್ತು. ಅದಕ್ಕೆ ಅಳೆದದ್ದನ್ನು ಇನ್ನೊಬ್ಬರಿಂದ ಮತ್ತೆ ಅಳೆಸುತ್ತಿದ್ದ. ಒಣ ಜಮೀನಿನಲ್ಲಿ ನೂರಕ್ಕೆ ಹತ್ತು, ನೀರಾವರಿಯಲ್ಲಿ ನೂರಕ್ಕೆ ಐದು, ಇದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸದಿಂದ ತೆಗೆಯುವುದು. ಬೇಕೆಂದೇ ಮಾಡಿದ ತಪ್ಪಾದರೆ ಸಣ್ಣದಾದರೂ ತೆಗೆಯುವುದು. ನೀರಾವರಿಗೆ ಕಟ್ಟುನಿಟ್ಟು ಏಕೆಂದರೆ ಅಲ್ಲಿ ಒಂದು ಗುಂಟೆಗೂ ಬೆಲೆ ಇದೆ. ಹೊಲದ ದರ್ಜೆ ಗೊತ್ತುಮಾಡುವಾಗ ಗುಮಾಸ್ತನೊಬ್ಬನ ಊಹೆಗೆ ಬಿಡದೆ ಪಟೇಲ, ಶಾನುಭೋಗ, ರೈತರನ್ನು ಕೂರಿಸಿಕೊಂಡು ಕೇಳಬೇಕಿತ್ತು.

ಮನ್ರೋನನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಳತೆ ಸರಿಯಿತ್ತು, ಕಂದಾಯ ಮಾತ್ರ ಭಾರವಾಗಿತ್ತು. ಹೊರಡುವ ಮುಂಚೆ 1807ರಲ್ಲಿ ಅವನೇ ಕಾಲು ಭಾಗ ಇಳಿಸಬೇಕೆಂದು ಶಿಫಾರಸು ಮಾಡಿದ, ಮೇಲಿನವರು ಒಪ್ಪಲಿಲ್ಲ. ರೈತವಾರಿಯನ್ನೇ ಬಿಟ್ಟು ಊರಿಗೆ ಊರನ್ನೇ ಗುತ್ತಿಗೆ ಕೊಟ್ಟರು. ಸೂಚನೆ ಎಷ್ಟೇ ಸ್ಪಷ್ಟವಾಗಿದ್ದರೂ ಅದು ಮಾಡಿಸುವ ಕೆಲಸ ಒಳ್ಳೆಯದೇ ಎಂದು ಹೇಳುವಂತಿಲ್ಲ. ಎಐ ಬಗ್ಗೆಯೂ ಈ ಮಾತು ನೆನಪಿಟ್ಟುಕೊಳ್ಳಬೇಕಾದ್ದೇ. ಅಂದ ಹಾಗೆ ಮನ್ರೋ ತೀರಿಕೊಂಡದ್ದೂ ನಮ್ಮ ಮಗ್ಗುಲಲ್ಲೇ. ಮದ್ರಾಸಿನ ಗವರ್ನರ್ ಆಗಿ ಕೊನೆಯ ಸಲ ಈ ಸೀಮೆ ನೋಡಲು ಬಂದವನು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ.

ಈಗ ತಮಾಷೆ ನೋಡಿ. ಮೂವತ್ಮೂರು ಅಡಿ ಸರಪಳಿಯ ಒಂದು ಚದರ ಅಂದರೆ 1,089 ಚದರ ಅಡಿ ಎಂದೆನಲ್ಲ, ಇವತ್ತಿನ ಒಂದು ಗುಂಟೆ ಅಷ್ಟೇ! ಅಂದರೆ ನಮ್ಮ ಆದೋನಿ ಸೀಮೆಯನ್ನು ಮೊದಲು ಅಳೆದದ್ದು ಗುಂಟೆಯ ಸರಪಳಿಯಲ್ಲಿ. ಮುಂದೆ ಮದ್ರಾಸ್ ಸರಕಾರದ ಸರ್ವೆಗಳಲ್ಲಿ ಎಕರೆಯನ್ನು ನೂರು ಭಾಗ ಮಾಡಿ ಸೆಂಟು ಬಂತು. ಮುಂಬಯಿ ಪ್ರಾಂತ್ಯದಲ್ಲಿ, ನಿಜಾಮನ ಹೈದರಾಬಾದಿನಲ್ಲಿ ಗುಂಟೆ ಉಳಿಯಿತು. ರಾಯಚೂರು ಹೈದರಾಬಾದಿನಲ್ಲಿತ್ತು, ಅದಕ್ಕೆ ಅಲ್ಲಿ ಗುಂಟೆ. ನಾವು ಮದ್ರಾಸಿನಲ್ಲಿದ್ದೆವು, ಅದಕ್ಕೆ ಇಲ್ಲಿ ಸೆಂಟು. ಭಾಷೆ ಹೊಳೆಯ ಎರಡೂ ದಡದಲ್ಲಿ ಒಂದೇ. ಚುಕ್ಕೆಯ ಅರ್ಥ ಬೇರೆ.

ಹಾಗಾದರೆ ಎಐಗೆ "ಕರ್ನಾಟಕವಾದರೆ ಗುಂಟೆ, ಆಂಧ್ರವಾದರೆ ಸೆಂಟು" ಎಂದು ಹೇಳಿಬಿಟ್ಟರೆ ಸಾಕೇ? ನಾನೂ ಹಾಗೇ ಅಂದುಕೊಂಡಿದ್ದೆ. ಸಾಲದು. ದಕ್ಷಿಣ ಕನ್ನಡ ಜಿಲ್ಲೆಯೂ ಮದ್ರಾಸಿನಲ್ಲೇ ಇತ್ತು, ಮಂಗಳೂರಿನವರು ಇವತ್ತಿಗೂ ಸೆಂಟಿನಲ್ಲೇ ಜಾಗ ಹೇಳುತ್ತಾರೆ. ರಾಜ್ಯದ ಗೆರೆ 1953ರಲ್ಲಿ, 1956ರಲ್ಲಿ ಬದಲಾಯಿತು, ಅಳತೆಯ ಗೆರೆ ಅದರ ಜೊತೆ ಬದಲಾಗಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದ ಕಥೆ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಅಂದು ನಮ್ಮ ಹಿರಿಯರು ರಾತ್ರಿ ಮಲಗಿ ಬೆಳಿಗ್ಗೆ ಎದ್ದಾಗ ರಾಜ್ಯ ಬೇರೆಯಾಗಿತ್ತು, ಹೊಲದ ಕಾಗದ ಮಾತ್ರ ಹಳೆಯದೇ. ಇಂಥದ್ದನ್ನು ಯಂತ್ರ ತಾನಾಗಿ ಊಹಿಸಲಿ ಎಂದು ಬಿಡಲಾಗದು. ಯಾವ ದಾಖಲೆಯೋ ಆ ದಾಖಲೆಯ ಪಕ್ಕದಲ್ಲೇ ಅಳತೆಯ ಹೆಸರು ಬರೆದಿರಬೇಕು.

ಅಳತೆಯ ಹೆಸರು ಬರೆಯದೆ ಕೆಟ್ಟವರು ನಾವು ಮಾತ್ರ ಅಲ್ಲ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾಯಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರು ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಅದನ್ನು ತೆಗೆದುಕೊಳ್ಳುವ ಇನ್ನೊಂದು ನ್ಯೂಟನ್ ಲೆಕ್ಕ ಎಂದುಕೊಂಡಿತ್ತು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ನ್ಯೂಟನ್ನಿನಲ್ಲೇ ಇರಬೇಕೆಂದು ಅವರ ಕಾಗದದಲ್ಲಿ ಬರೆದಿತ್ತು, ಪಾಲಿಸಿರಲಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ನಾವು "ಮಾನ ಬರೆಯದಿದ್ದರೆ ಅರ್ಧ ಅಂಕ ಕಟ್" ಎನ್ನುವುದು ಸುಮ್ಮನೆ ಅಲ್ಲ!

ನನ್ನ ಶಿಷ್ಯನಿಗೆ ಕೇಳಿದೆ, "ಹಾಗಾದರೆ ನಮ್ಮ ಹೊಲದ ಸಲಕರಣೆಗೆ ನೀನು ಹೇಗೆ ಬರೆಯುತ್ತಿದ್ದೆ?" ಕೆಟ್ಟ ಮಾದರಿ ಮೊದಲು ಹೇಳಿದ. ಹೆಸರು: ಜಮೀನು. ವಿವರ: ಜಮೀನಿನ ಮಾಹಿತಿ ಕೊಡುತ್ತದೆ. ತುಂಬಬೇಕಾದ್ದು: ಊರು, ನಂಬರು. ಇಷ್ಟೇ. ಬಹಳ ಕಡೆ ಹೀಗೇ ಬರೆದಿರುತ್ತಾರಂತೆ. ಬರೆದವನಿಗೆ ಎಲ್ಲ ಗೊತ್ತಿರುತ್ತದೆ, ಅದಕ್ಕೇ ಅವನಿಗೆ ಏನೂ ಬಿಟ್ಟುಹೋದಂತೆ ಕಾಣುವುದಿಲ್ಲ. ಪಾಠ ಮಾಡುವ ನಮಗೂ ಇರುವ ರೋಗವೇ ಇದು.

ಆಮೇಲೆ ನಾನು ಮತ್ತು ತರಗತಿಯ ಮಕ್ಕಳು ಸೇರಿ ಒಂದು ಬರೆದೆವು. ನಿಜವಾದ ಸಲಕರಣೆಯೇನೂ ನಮ್ಮ ಹತ್ತಿರ ಇಲ್ಲ, ಇದ್ದಿದ್ದರೆ ಹೇಗೆ ಬರೆಯುತ್ತಿದ್ದೆವು ಎಂಬ ಅಭ್ಯಾಸ ಅಷ್ಟೇ. ಮೂರು ದಿನ ಹಿಡಿಯಿತು. ಈಗ ಇರುವುದು ಹೀಗಿದೆ:

"ಕರ್ನೂಲು ಜಿಲ್ಲೆಯ ಒಂದು ಹೊಲದ ವಿಸ್ತೀರ್ಣ ಹೇಳುತ್ತದೆ. ಊರು, ಮಂಡಲ, ಸರ್ವೆ ನಂಬರು ಮೂರೂ ಬೇಕು. ಉತ್ತರ ಎಕರೆ ಮತ್ತು ಸೆಂಟಿನಲ್ಲಿ ಬರುತ್ತದೆ. ಚುಕ್ಕೆಯ ನಂತರದ್ದು ಸೆಂಟು, ಗುಂಟೆ ಎಂದು ತಿಳಿಯಬೇಡ. ಬೇರೆ ಜಿಲ್ಲೆಯ ಹೊಲಕ್ಕೆ ಇದನ್ನು ಬಳಸಬೇಡ. ಹೊಲ ಯಾರದು ಎಂಬ ವ್ಯಾಜ್ಯಕ್ಕೂ ಬಳಸಬೇಡ, ಇದು ವಿಸ್ತೀರ್ಣ ಮಾತ್ರ ಹೇಳುತ್ತದೆ. ಅಡಂಗಲ್, ಪಹಣಿ ಎಂದು ಕೇಳಿದರೂ ಇದೇ. ಒಂದೇ ಹೆಸರಿನ ಎರಡು ಊರು ಸಿಕ್ಕರೆ ಕೇಳಿದವರನ್ನೇ ಕೇಳು, ನೀನೇ ಆರಿಸಬೇಡ. 'ಸಿಗಲಿಲ್ಲ' ಎಂದು ಬಂದರೆ ದಾಖಲೆ ಸಿಗಲಿಲ್ಲ ಎಂದು ಅರ್ಥ, ಹೊಲವೇ ಇಲ್ಲ ಎಂದು ಹೇಳಬೇಡ."

ಕೊನೆಯ ಸಾಲು ಸೇರಿಸಿದ್ದು ಒಬ್ಬ ಹುಡುಗಿ. ಅವಳ ಅಜ್ಜಿಗೆ ಯಾವುದೋ ಒಂದು ಕೌಂಟರಿನಲ್ಲಿ "ನಿನ್ನ ಹೆಸರೇ ಇಲ್ಲ ಹೋಗಮ್ಮ" ಎಂದು ಕಳಿಸಿದ್ದರಂತೆ. ಹೆಸರು ಇತ್ತು, ಅಕ್ಷರ ಬೇರೆ ಇತ್ತು. ಈ ಒಂದು ಸಾಲಿಗಾಗಿ ನಾನು ಅವಳಿಗೆ ಶಭಾಷ್ ಅಂದೆ.

ಊರಿನ ಹೆಸರಿನ ಸಾಲಿನ ಮೇಲೂ ತುಂಬ ಹೊತ್ತು ಮಾತಾಯಿತು. ನಮ್ಮ ಪಟ್ಟಣವನ್ನೇ ತೆಗೆದುಕೊಳ್ಳಿ. ನಾವು ಆದವಾನಿ ಎಂದೂ ಆದೋನಿ ಎಂದೂ ಅನ್ನುತ್ತೇವೆ, ಮೊಗಲರು ಗೆದ್ದಾಗ ಇಮ್ತಿಯಾಜ್‌ಗಢ ಎಂದು ಇಟ್ಟಿದ್ದರು. ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ಕನ್ನಡದ ಊರ ಹೆಸರನ್ನು ತೆಲುಗಿನಲ್ಲಿ ಬರೆದು, ತೆಲುಗಿನಿಂದ ಇಂಗ್ಲಿಷಿಗೆ ಹಾಕಿ, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತಂದರೆ ಅದು ಬೇರೆಯದೇ ಊರಾಗಿರುತ್ತದೆ. ಸಲಕರಣೆಗಳ ಹೆಸರೂ ಹಾಗೆಯೇ. ನಮ್ಮ ಕೂರಿಗೆ ತೆಲುಗರಿಗೆ ಗೊರ್ರು. ನಮ್ಮ ಕುಂಟೆ ಅವರಿಗೆ ಗುಂಟಕ. ಅವರು ಕುಂಟ ಅಂದರೆ ಸಣ್ಣ ಕೆರೆ. ನಾವು ಗುಂಟೆ ಅಂದರೆ ನೆಲದ ಅಳತೆ. ಕುಂಟೆ, ಕುಂಟ, ಗುಂಟೆ, ಗುಂಟಕ! ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇದು ನಗು ತರಿಸುತ್ತದೆ. ಬಲ್ಲದ ಯಂತ್ರಕ್ಕೆ ಯಾವುದು ಯಾವುದೆಂದು ಯಾರಾದರೂ ಬರೆದುಕೊಡಬೇಕು.

ಹಾಗೆಂದು ಉದ್ದುದ್ದ ಬರೆದರೂ ಆಗದು. ಏಜೆಂಟಿಗೆ ಹತ್ತಾರು ಸಲಕರಣೆ ಕೊಟ್ಟಿರುತ್ತಾರೆ, ಎಲ್ಲದರ ವಿವರವೂ ಅದರ ಮುಂದೆ ಇರಬೇಕು. ಹೆಚ್ಚಾದರೆ ಮುಖ್ಯವಾದದ್ದು ಮುಳುಗಿಹೋಗುತ್ತದೆ. ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಹಿಡಿಯುತ್ತದಂತೆ, ಅದಕ್ಕೆ ವಿವರಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆಯುವುದು ರೂಢಿಯಂತೆ. ಬರೆಯಲಿ, ನನ್ನ ತಕರಾರಿಲ್ಲ. ಆದರೆ ಪಹಣಿ, ಗುಂಟೆ, ಕೂರಿಗೆ, ಮಸಾರಿ ಎಂಬ ಮಾತುಗಳು ಅದರೊಳಗೆ ಇರಲೇಬೇಕು. ಕೇಳುವವರು ಕೇಳುವುದು ಆ ಮಾತಿನಲ್ಲಿ.

ಇದನ್ನು ಮಕ್ಕಳಿಗೆ ಮನದಟ್ಟು ಮಾಡಲು ಒಂದು ಆಟ ಆಡಿಸಿದೆ. ಹಳ್ಳಿಯ ಮಕ್ಕಳು ಮನೆಯ ಒಂದು ಸಲಕರಣೆಯ ಬಗ್ಗೆ ಚೀಟಿ ಬರೆಯಬೇಕು, ಅದನ್ನು ನೋಡಿಯೇ ಇಲ್ಲದ ಪಟ್ಟಣದ ಮಕ್ಕಳು ಓದಿ, ಹೇಗೆ ಬಳಸುತ್ತೀರಿ ಹೇಳಿ ಎಂದರೆ ಹೇಳಬೇಕು. ಒಬ್ಬಳು ಕೂರಿಗೆಯ ಬಗ್ಗೆ "ಬೀಜ ಬಿತ್ತೋದು" ಎಂದಷ್ಟೇ ಬರೆದಳು. ಓದಿದವನು ಅದು ಒಂದು ಬುಟ್ಟಿ ಎಂದುಕೊಂಡ! ಎರಡನೆಯ ಸಲ ಎತ್ತು, ತಾಳು, ಬೀಜ ಹಾಕುವ ಬಟ್ಟಲು ಎಲ್ಲ ಬಂತು. ಓದಿದವನು ಕೇಳಿದ, "ಮಳೆ ಬಂದ ಕೂಡಲೇ ಹೂಡಬಹುದಾ?" ಅವಳಿಗೆ ಗಾಬರಿ. "ಅಯ್ಯೋ, ಎರೆ ಹೊಲದಾಗ ಮಳಿ ನಿಂತ ಕೂಡ್ಲೆ ಇಳಿಸಬಾರದು, ಹದ ಬರಬೇಕು!" ಮೂರನೆಯ ಚೀಟಿಯಲ್ಲಿ ಆ ಸಾಲು ಮೊದಲಿಗೇ ಬಂತು. ಆಮೇಲೆ "ಹದ ಅಂದರೆ ಏನು" ಎಂಬ ಪ್ರಶ್ನೆ ಎದ್ದು, ಅದಕ್ಕೆ ಒಂದು ಪೀರಿಯಡ್ ಪೂರ್ತಿ ಹೋಯಿತು.

ಇಷ್ಟು ಹೊತ್ತು ಹೊಲದ ಮಾತಾಯಿತು. ಶಾಲೆಯ ಮಾತಿಗೆ ಬರುತ್ತೇನೆ, ನಮಗೆ ಹೆಚ್ಚು ಬಿಸಿ ತಟ್ಟುವುದು ಅಲ್ಲಿ.

ಮನ್ರೋ ಗವರ್ನರ್ ಆದ ಮೇಲೆ 1822ರ ಜೂನ್ 25ರಂದು, ಮದ್ರಾಸ್ ಪ್ರಾಂತ್ಯದಲ್ಲಿ ಎಷ್ಟು ಶಾಲೆಗಳಿವೆ ಲೆಕ್ಕ ತೆಗೆಯಿರಿ ಎಂದು ಆಜ್ಞೆ ಮಾಡಿದ. ಕಲೆಕ್ಟರುಗಳಿಗೆ ಅಂಕಣ ಹಾಕಿದ ಒಂದು ನಮೂನೆ ಹೋಯಿತು. ಸರಪಳಿಯ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದ್ದವನ ಈ ನಮೂನೆಯಲ್ಲಿ ಎರಡು ಸಂಗತಿ ಬಿಟ್ಟುಹೋಗಿದ್ದವು. ಒಂದು, ಮನೆಯಲ್ಲೇ ಓದುವ ಮಕ್ಕಳು. 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಅವನೇ ಇದನ್ನು ಒಪ್ಪಿಕೊಂಡ. ಬಂದ ಅಂಕಿ ಪ್ರಕಾರ ಜನಸಂಖ್ಯೆಯಲ್ಲಿ 67ಕ್ಕೆ ಒಬ್ಬರು ಶಾಲೆಯಲ್ಲಿದ್ದರು. ಐದರಿಂದ ಹತ್ತು ವರ್ಷದ ಗಂಡುಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ನಾಲ್ಕರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ಮನೆಯಲ್ಲಿ ಓದುವವರನ್ನೂ ಸೇರಿಸಿದರೆ ಮೂರರಲ್ಲಿ ಒಬ್ಬರ ಹತ್ತಿರ ಬರುತ್ತದೆ ಎಂದು ಅಂದಾಜು ಮಾಡಿದ. ಮಕ್ಕಳು ಅವರೇ, ಶಾಲೆಗಳೂ ಅವೇ. ಅಂಕಣದ ತಲೆಬರಹ ಏನು ಹೇಳುತ್ತದೆ ಎಂಬುದರ ಮೇಲೆ ನಾಡಿನ ಚಿತ್ರವೇ ಬೇರೆಯಾಯಿತು.

ಬಿಟ್ಟುಹೋದ ಎರಡನೆಯದು ಭಾಷೆ. ಜಾತಿಗೆ ಅಂಕಣಗಳಿದ್ದವು, ಕಲಿಸುವ ಭಾಷೆಗೆ ಇರಲಿಲ್ಲ. ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಉತ್ತರ ಬರೆದ. ಆಗ ಬಳ್ಳಾರಿ ಜಿಲ್ಲೆ ಎಂದರೆ ನಮ್ಮ ಆದೋನಿಯೂ ಸೇರಿ. ಅವನು ನಮೂನೆ ತುಂಬಿ ಸುಮ್ಮನಾಗಲಿಲ್ಲ, ಜೊತೆಗೆ ಉದ್ದನೆಯ ಪತ್ರ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1, ಬ್ರಾಹ್ಮಣರು ಮಾತ್ರ ಓದುವ ಪಾಠಸ್ಥಳಗಳು 23. ಈ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಕನ್ನಡ ಶಾಲೆಗಳು ಎಷ್ಟಿದ್ದವು ಎಂದು ನಾವು ಎದೆ ತಟ್ಟಿ ಹೇಳುವ ಅಂಕಿ ಇದು. ಅಂಕಣದಿಂದ ಬಂದದ್ದಲ್ಲ, ಒಬ್ಬ ಅಧಿಕಾರಿ, ಅಂಕಣ ಇಲ್ಲದಿದ್ದರೇನಂತೆ ಎಂದು ಪತ್ರದಲ್ಲಿ ಬರೆದದ್ದರಿಂದ ಉಳಿಯಿತು.

ಕೆಲವು ವರ್ಷಗಳ ಹಿಂದೆ ಒಂದು ಆನ್‌ಲೈನ್ ನಮೂನೆ ತುಂಬಲು ಕೂತಿದ್ದೆ. ಮಾಧ್ಯಮ ಎಂಬಲ್ಲಿ ತೆಲುಗು, ಇಂಗ್ಲಿಷ್, ಉರ್ದು ಎಂದಿತ್ತು. ಕನ್ನಡ ಇರಲಿಲ್ಲ, 'ಇತರೆ' ಕೂಡ ಇರಲಿಲ್ಲ. ಯಾವುದಾದರೂ ಒಂದನ್ನು ಒತ್ತದೆ ಮುಂದಿನ ಪುಟಕ್ಕೆ ಹೋಗುವಂತಿರಲಿಲ್ಲ. ಪ್ರಿಂಟ್ ತೆಗೆದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಕನ್ನಡ ಮಾಧ್ಯಮ' ಎಂದು ಬರೆದು, ಸಹಿ ಮಾಡಿ ಕೊಟ್ಟು ಬಂದೆ. ಗುಮಾಸ್ತರು ನಕ್ಕರು, ಆದರೆ ತೆಗೆದುಕೊಂಡರು.

ಆ ಜಾಗದಲ್ಲಿ ಏಜೆಂಟ್ ಇದ್ದಿದ್ದರೆ? ಶಿಷ್ಯನಿಗೆ ಇದನ್ನೇ ಕೇಳಿದೆ. ಸಲಕರಣೆಯ ಪಟ್ಟಿಯಲ್ಲಿ ಮೂರೇ ಆಯ್ಕೆ ಕೊಟ್ಟು, ಒಂದನ್ನು ತುಂಬಲೇಬೇಕು ಎಂದು ಹಾಕಿದ್ದರೆ, ಅದು ಮೂರರಲ್ಲಿ ಒಂದನ್ನು ತುಂಬಿ ಕೆಲಸ ಮುಗಿಸುವ ಸಂಭವವೇ ಹೆಚ್ಚು ಎಂದ. ಆಂಧ್ರದ ಶಾಲೆ ಎಂದು ನೋಡಿ ತೆಲುಗು ಎಂದು ಹಾಕೀತು. ತಪ್ಪಾಗಿದೆ ಎಂದು ಯಾರಿಗೂ ತಿಳಿಯುವುದೂ ಇಲ್ಲ, ಏಕೆಂದರೆ ನಮೂನೆ ಪೂರ್ತಿ ತುಂಬಿರುತ್ತದೆ. ಕ್ಯಾಂಪ್‌ಬೆಲ್‌ಗೆ ಪತ್ರ ಇತ್ತು, ನನಗೆ ಕೆಂಪು ಶಾಯಿ ಇತ್ತು. ಅದಕ್ಕೆ ಅಂಚೇ ಇಲ್ಲ. ಬರೆಯುವವರೇ ಪಟ್ಟಿಯಲ್ಲಿ ಕನ್ನಡ ಸೇರಿಸಬೇಕು, ಇಲ್ಲವೇ "ಇವುಗಳಲ್ಲಿ ಇಲ್ಲದಿದ್ದರೆ ಏನೆಂದು ಬರೆ, ಹತ್ತಿರದ್ದನ್ನು ಆರಿಸಬೇಡ" ಎಂಬ ಒಂದು ಸಾಲು, ಬರೆಯಲು ಒಂದು ಜಾಗ ಕೊಡಬೇಕು.

ಹೊಳಗುಂದ, ಕೌತಾಳಂ, ಹಾಲಹರ್ವಿ ಕಡೆಯ ಕನ್ನಡ ಶಾಲೆಗಳಲ್ಲಿ ಮೇಷ್ಟ್ರ ಹುದ್ದೆ, ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ ಎಲ್ಲ ನಿಂತಿರುವುದು ಆ ಒಂದು ಅಂಕಣದ ಅಂಕಿಯ ಮೇಲೆ. ಮಕ್ಕಳು ಲೆಕ್ಕದಲ್ಲಿ ಕನ್ನಡದವರಾಗಿ ಕಾಣದಿದ್ದರೆ ಕನ್ನಡ ಪುಸ್ತಕ ಅಚ್ಚಾಗುವುದು ಯಾರಿಗಾಗಿ? ಸಾಫ್ಟ್‌ವೇರಿನಲ್ಲಿರುವ ನಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಇಂಥ ನಮೂನೆ ಕಂಡಾಗ ಒಂದು ಮಾತು ಹೇಳಿ. ನಿಮ್ಮ ಕೈಲಾಗುತ್ತದೆ, ನಮ್ಮ ಕೈಲಿ ಕೆಂಪು ಶಾಯಿ ಮಾತ್ರ ಇದೆ.

ಆ 1.20ರ ಹುಡುಗನ ವಿಷಯ ಹೇಳುವುದು ಉಳಿಯಿತು. ಎರಡೂ ಕಾಗದಗಳ ಜೊತೆಗೆ "ಮೊದಲನೆಯದು ಎಕರೆ ಸೆಂಟು, ಎರಡನೆಯದು ಎಕರೆ ಗುಂಟೆ, ಎಕರೆಗೆ ನಲವತ್ತು ಗುಂಟೆ" ಎಂದು ಬರೆದು ಮತ್ತೆ ಕೇಳಿದ. 2.70 ಎಂದು ಸರಿಯಾಗಿ ಬಂತು. ಮನೆಗೆ ಹೋಗಿ ಹೇಳಿದರೆ ತಾತ "ಅದೆಲ್ಲ ನಂಗೆ ಗೊತ್ತಿಲ್ಲಪ್ಪ, ಕೂರಿಗಿ ಲೆಕ್ಕದಾಗ ಎಷ್ಟಾತು ಹೇಳು" ಅಂದರಂತೆ. ಹುಡುಗ ನನ್ನ ಹತ್ತಿರ ಬಂದ. ಒಂದು ಕೂರಿಗೆಗೆ ಎಷ್ಟು ಎಕರೆ ಎಂದು ಸಹೋದ್ಯೋಗಿಗಳನ್ನು ಕೇಳಿದೆ. ಸ್ಟಾಫ್ ರೂಮಿನಲ್ಲಿ ಐದು ಜನ ಐದು ಉತ್ತರ ಕೊಟ್ಟರು. ಹಾಗಾಗಿ ನಮ್ಮ ವಿವರಕ್ಕೆ ಇನ್ನೊಂದು ಸಾಲು ಸೇರಿತು: "ಕೂರಿಗೆ ಎಂದು ಕೇಳಿದರೆ ಯಾವ ಊರಿನ ಕೂರಿಗೆ ಎಂದು ಮೊದಲು ಕೇಳು."

ನಿಮ್ಮ ಊರಿನಲ್ಲಿ ಒಂದು ಕೂರಿಗೆ ಎಂದರೆ ಎಷ್ಟು ಎಕರೆ? ಮನೆಯ ಹಿರಿಯರನ್ನು ಕೇಳಿ, ಎರೆಗೆ ಎಷ್ಟು, ಮಸಾರಿಗೆ ಎಷ್ಟು ಎಂದು ಬೇರೆ ಬೇರೆಯಾಗಿ, ಊರಿನ ಹೆಸರು ಸಮೇತ ತಿಳಿಸಿ. ಮಕ್ಕಳು ಪಟ್ಟಿ ಮಾಡುತ್ತಿದ್ದಾರೆ.